ನುಣುಪು ತೊಟ್ಟಿ

ಮೇಸ್ತ್ರಿಯ ಕೈಯ ನುಣುಪೆಂದರೆ ಊರಿಗೆಲ್ಲ ಹೆಸರುವಾಸಿ. ಅವನು ಕರಣೆ ಆಡಿಸಿದ ಸಿಮೆಂಟಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದು ಜೊತೆಗಾರರು ಚುಡಾಯಿಸುತ್ತಿದ್ದರು. ಸ್ವಂತ ಮನೆಯ ಬಚ್ಚಲ ನೆಲಕ್ಕೂ ಅವನು ಅದೇ ನುಣುಪು ಕೊಟ್ಟ, ಬಂದವರಿಗೆಲ್ಲ ತೋರಿಸಿ ಬೀಗಿದ. ಹೆಂಡತಿ ಆ ನೆಲದ ಮೇಲೇ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು.

ಈಗ ಅವಳ ಪಾಲಿಗೆ ಉಳಿದದ್ದು ಒಂದು ಮಂಚ, ಒಂದು ಕಿಟಕಿ. ನೋಡಲು ಬಂದವರಿಗೆಲ್ಲ ಅವಳದು ಒಂದೇ ಮಾತು: "ನನ್ನದೇ ತಪ್ಪು ಕಣ್ರೀ. ನೋಡ್ಕೊಂಡು ಕಾಲಿಡ್ಬೇಕಿತ್ತು." ಪಕ್ಕದಲ್ಲಿ ಕೂತ ಮೇಸ್ತ್ರಿ ಪ್ರತಿ ಸಲವೂ ಅದನ್ನು ಕೇಳುತ್ತಿದ್ದ. ಆದರೂ ಮಹರಾಯ ತುಟಿ ಪಿಟಕ್ಕೆನ್ನಲಿಲ್ಲ. ಬಾಯಿ ಬಾರದವನು ಕೈಯಿಂದಾದರೂ ಏನಾದರೂ ಮಾಡಬೇಕಲ್ಲ? ಅವಳಿಗೆ ಹೊತ್ತು ಹೋಗಲೆಂದು ಕಿಟಕಿಯಾಚೆಯ ಮರದಡಿ ಹಕ್ಕಿಗಳಿಗೊಂದು ನೀರಿನ ತೊಟ್ಟಿ ಕಟ್ಟಲು ಹೊರಟ.

ತಟ್ಟೆಯಂಥ ಅಗಲ ತೊಟ್ಟಿ, ಅದರಲ್ಲಿ ನಿಲ್ಲುವುದು ಬೆರಳುದ್ದದಷ್ಟೂ ಆಳವಿಲ್ಲದ ನೀರು. ಹನಿ ಬೀಳುವ ಸದ್ದಿಗೆ ಹಕ್ಕಿಗಳು ಬರುತ್ತವೆಂದು ಮೇಲಿನ ಕೊಂಬೆಗೆ ತಳ ತೂತಾದ ನೀರಿನ ಡಬ್ಬವನ್ನೂ ತೂಗುಹಾಕಿದ. ಕೈ ಸುಮ್ಮನಿರಬೇಕಲ್ಲ, ತೊಟ್ಟಿಯ ಒಳಗೂ ಫಳಫಳ ಹೊಳೆಯುವ ಹಾಗೆ ಉಜ್ಜಿಬಿಟ್ಟ.

ಸಿಮೆಂಟು ಗಟ್ಟಿಯಾಗಿ ನೀರು ತುಂಬಿದ ಬೆಳಿಗ್ಗೆಯೇ ಗುಬ್ಬಿಯೊಂದು ಬಂತು. ಅಂಚಿನಿಂದ ಒಳಗೆ ಕಾಲಿಟ್ಟಿತು. ಸರ್ರನೆ ಜಾರಿ, ರೆಕ್ಕೆ ಬಡಿದು, ಬದುಕಿದೆಯಾ ಬಡಜೀವವೇ ಎಂದು ಹಾರಿಹೋಯಿತು.

"ಅಯ್ಯೋ ಪೆದ್ದೇ!" ಹೆಂಡತಿ ಒಳಗಿಂದ ನಕ್ಕಳು. "ಇದೂ ನನ್ನ ಹಾಗೇ. ನೋಡ್ಕೊಂಡು ಕಾಲಿಡಲ್ಲ."

ಆ ನಗುವನ್ನು ಮೇಸ್ತ್ರಿಯಿಂದ ತಡೆದುಕೊಳ್ಳಲಾಗಲಿಲ್ಲ. ನೀರು ಚೆಲ್ಲಿ, ಉಳಿ ಸುತ್ತಿಗೆ ತಂದು ತೊಟ್ಟಿಯ ತಳವನ್ನು ಕುಟ್ಟಿ ಒರಟು ಮಾಡತೊಡಗಿದ.

"ರೀ, ಅಷ್ಟು ಚೆನ್ನಾಗಿರೋದನ್ನ ಯಾಕೆ ಹಾಳು ಮಾಡ್ತಿದ್ದೀರಿ?"

"ಹಕ್ಕೀದೇನೂ ತಪ್ಪಿಲ್ಲ ಕಣೆ. ನೆಲಾನೇ ಸರಿಯಿಲ್ಲ." ಅವನ ಕೈ ನಿಂತಿತು. "ಬಚ್ಚಲ ನೆಲಾನೂ ಅಷ್ಟೇ. ನೀನು ಬೀಳೋಕೆ ಮುಂಚೆ ಅಲ್ಲಿ ನಾನೇ ಒಂದ್ಸಲ ಜಾರಿದ್ದೆ. ಹೇಳಿದ್ರೆ ಮರ್ಯಾದೆ ಹೋಗುತ್ತೆ ಅಂತ ಸುಮ್ಮನಿದ್ದೆ."

ಬೈದರೂ ಸರಿ, ಅವಳು ಏನಾದರೂ ಅನ್ನಲಿ ಎಂದು ಅವನು ತಲೆ ತಗ್ಗಿಸಿ ಕಾದ.

"ಜಾರಿದ್ದು ಗೊತ್ತಿರಲಿಲ್ಲ," ಎಂದಳು ಕೊನೆಗೆ. "ನೆಲದ ವಿಷಯ ಗೊತ್ತಿತ್ತು. ನನ್ನದೇ ತಪ್ಪು ಅಂತ ಎಲ್ಲರ ಮುಂದೆ ಯಾಕೆ ಅಂತಿದ್ದೆ ಅಂದ್ಕೊಂಡ್ರಿ? ನೀವು ಒಂದ್ಸಲನಾದ್ರೂ 'ಅಲ್ಲ' ಅಂತೀರೇನೋ ಅಂತ."

"ಈಗ ಹೇಳಿದ್ನಲ್ಲ..."

"ಈಗ ಕೇಳೋಕೆ ಯಾರಿದ್ದಾರೆ?"

ಮೇಸ್ತ್ರಿ ಉಳಿ ಕೆಳಗಿಟ್ಟ. ಕೈಯ ಸಿಮೆಂಟಿನ ಪುಡಿಯನ್ನೂ ತೊಳೆಯದೆ ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದ.