ನಿಂತ ಮುಟ್ಟು

"ಏ ರಂಡಿ, ಹೊರಗಾದಾಕಿ ಕಣದಾಗ ಹೆಂಗ ಕಾಲಿಟ್ಟಿ? ನನ್ನ ರಾಶಿ ಹಾಳು ಮಾಡಾಕ ಬಂದೀಯೇನು?"

ಮರಳಿ ಊರಿನ ಗೌಡರ ಕಣವನ್ನು ಬೆಳಗ್ಗೆಯೇ ಸೆಗಣಿಯಿಂದ ಸಾರಿಸುತ್ತಿದ್ದ ಹುಲಗೆಮ್ಮ ಸೀರೆಯ ಹಿಂಭಾಗ ಮುಟ್ಟಿ ನೋಡಿಕೊಂಡಳು. ಒದ್ದೆಯಾಗಿತ್ತು. ಐವತ್ತು ದಾಟಿದ ಗೌಡಸಾನಿ ಶೇಖರಮ್ಮ ಸೆಗಣಿ ಬುಟ್ಟಿಯನ್ನು ಕೋಲಿನಿಂದ ಉರುಳಿಸಿದಳು.

"ನನಗ ನಿಂತು ಎರಡು ವರ್ಷ ಆಗಿತ್ರಿ ಅವ್ವಾರ. ಈಗ ಮತ್ತ ಚಾಲೂ ಆಗಿ ಮೂರು ತಿಂಗಳಾತು, ಬಿಡವಲ್ದು."

"ಬಿಟ್ಟ ಮ್ಯಾಲ ಬಾ."

ಭತ್ತ ಬಡಿಯಲು ಬಂದ ಹೆಂಗಸರು ನಕ್ಕರು. ಹುಲಗಿಗೆ ಹರೆಯ ತಿರುಗಿ ಬಂದಿದೆ, ಈ ಸಲ ಗಂಡು ಹಡೆಯುತ್ತಾಳೆ ಎಂದರು. ಅವಳೂ ನಕ್ಕಳು. ಆ ಸುಗ್ಗಿಯಲ್ಲಿ ಅವಳಿಗೆ ಯಾರ ಕಣದಲ್ಲೂ ಕೆಲಸ ಸಿಗಲಿಲ್ಲ.

ಮನೆಯಲ್ಲೂ ಅಷ್ಟೇ. ಹೊರಗಾದವರು ಮೂರು ದಿನ ಹಿಂದಿನ ಚಪ್ಪರದಲ್ಲಿರಬೇಕು, ಯಾರನ್ನೂ ಮುಟ್ಟಬಾರದು. ಹುಲಗೆಮ್ಮನಿಗೆ ಆ ಮೂರು ದಿನ ಮುಗಿಯಲೇ ಇಲ್ಲ. ಹತ್ತು ವರ್ಷದ ಮಗಳು ಯಂಕವ್ವ ಊಟದ ಗಂಗಾಳವನ್ನು ದೂರದಲ್ಲಿಟ್ಟು ಸರಿಯುತ್ತಿದ್ದಳು. ಮಗಳ ತಲೆ ಬಾಚಲಾಗದೆ ತಾಯಿ ಕುಳಿತಲ್ಲಿಂದಲೇ ಹೇಳಿಕೊಡುತ್ತಿದ್ದಳು: ಮೂರು ಪಾಲು ಮಾಡು, ಎಡಗಡೆಯದನ್ನು ನಡುವೆ ತಾ, ಬಿಗಿ ಹಿಡಿ. ಹೆಣಿಕೆ ಸೊಟ್ಟಗಾದರೂ ಭಾಳ ಛಲೋ ಆಗೈತಿ ಎನ್ನುತ್ತಿದ್ದಳು.

ಶಾಲೆಯಲ್ಲಿ ಕುಟುಂಬ ಯೋಜನೆಯ ಆಪರೇಷನ್ ಕ್ಯಾಂಪ್ ಹಾಕಿದಾಗ ಹುಲಗೆಮ್ಮ ಹೋಗಿ ಸರತಿಯಲ್ಲಿ ನಿಂತಳು. ಡಾಕ್ಟರು ಮುಖ ಎತ್ತದೆ ಮಕ್ಕಳೆಷ್ಟು ಎಂದು ಕೇಳಿದರು. ನಿಂತದ್ದು ಮತ್ತೆ ಹೋಗುತ್ತಿದೆ ಎಂದು ಅವಳು ತಗ್ಗಿದ ದನಿಯಲ್ಲಿ ಹೇಳಿದಳು.

"ನಿಂತೈತಂದ್ರ ನಿನಗ್ಯಾಕ ಆಪರೇಷನ್? ನಿನ್ನ ಹೆಸರು ಬರದ್ರ ನನ್ನ ಟಾರ್ಗೆಟ್ ತುಂಬತೈತೇನು? ಸರಿ ಅತ್ತಾಗ."

ನರ್ಸಮ್ಮ ಹತ್ತು ಕೆಂಪು ಗುಳಿಗೆಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. ಇಬ್ಬರೂ ಅವಳನ್ನು ಪರೀಕ್ಷಿಸಲಿಲ್ಲ.

ವರ್ಷ ಕಳೆಯಿತು. ನಾತ ಬರತೊಡಗಿದ ಮೇಲೆ ಗಂಡ ಕನಕಪ್ಪ ಅವಳನ್ನು ಗಂಗಾವತಿಯ ದವಾಖಾನೆಗೆ ಕರೆದೊಯ್ದ. ಅಲ್ಲಿನ ಡಾಕ್ಟರಮ್ಮ ಒಳಗೆ ಕೈ ಹಾಕಿ ನೋಡಿ, ಬಹಳ ಹೊತ್ತು ಕೈ ತೊಳೆದುಕೊಂಡಳು. ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಆಗಿದೆ, ಮೊದಲೇ ಬಂದಿದ್ದರೆ ಉಳಿಸಬಹುದಿತ್ತೇನೋ, ಈಗ ಒಳಗೆಲ್ಲ ಹಬ್ಬಿದೆ ಎಂದಳು. ಜೊತೆಗೆ ಬಂದಿದ್ದ ಯಂಕವ್ವ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

ಹುಲಗೆಮ್ಮ ಸತ್ತ ಹದಿನೈದು ದಿನಕ್ಕೆ ಸುಗ್ಗಿ ಬಂತು. ತಾಯಿಯ ಬದಲು ಮಗಳನ್ನು ಕಳಿಸಿ ಎಂದು ಗೌಡರ ಮನೆಯಿಂದ ಹೇಳಿ ಬಂತು. ಕಣದ ಅಂಚಿನಲ್ಲಿ ಶೇಖರಮ್ಮ ತಡೆದಳು.

"ನಿಲ್ಲು. ನೀನೂ ನಿಮ್ಮವ್ವನಂಗ ಹೊರಗಾಗಿ ಬಂದಿಲ್ಲ ಹೌದಿಲ್ಲೋ?"

ಯಂಕವ್ವ ನಿಲ್ಲಲಿಲ್ಲ. ಕಣದ ನಡುವಿನವರೆಗೆ ನಡೆದು ಹೋಗಿ ತಿರುಗಿದಳು. ಭತ್ತ ಬಡಿಯುತ್ತಿದ್ದವರ ಕೈ ನಿಂತಿತು.

"ನಿಮಗೂ ನಿಂತೈತಲ್ರಿ ಅವ್ವಾರ. ನಿಂತಿದ್ದು ಮತ್ತ ಬಂದ್ರ ನಿಮ್ಮನ್ನ ದವಾಖಾನಿಗೆ ಒಯ್ತಿದ್ರೊ, ಕಣದ ಹೊರಗ ಕುಂದ್ರಸ್ತಿದ್ರೊ?"