ಪಾಪಣ್ಣನ ಹಟಕ್ಕೆ ಸಿಕ್ಕ ಅಂಕ

ಸಂತೇಬೆನ್ನೂರಿನ ಪಾಪಣ್ಣನಿಗೆ ಯಾರಾದರೂ ‘ಹೀಗೆ ಮಾಡು’ ಎಂದರೆ ಸಾಕು, ಆ ಕೆಲಸ ಕೆಟ್ಟಿತೆಂದೇ ಲೆಕ್ಕ. ಕೂತುಕೊಳ್ಳಿ ಎಂದರೆ ನಿಲ್ಲುವ ಇಂಥ ಗಂಡನೊಂದಿಗೆ ಅಂಜಮ್ಮ ಇಷ್ಟು ವರ್ಷ ಬಾಳಿದ್ದು ಒಂದೇ ಉಪಾಯದಿಂದ: ಬೇಕಾದದ್ದನ್ನು ಬೇಡ ಎನ್ನುವುದು. ಮಗಳನ್ನು ಕಾಲೇಜಿಗೆ ಸೇರಿಸಿದ್ದೂ ಹಾಗೆಯೇ.

ಆ ಮಗಳು ಸಂಘಮಿತ್ರಾ ಈಗ ಮನಃಶಾಸ್ತ್ರ ಓದುತ್ತಿದ್ದಳು. ಹೇಳಿದ್ದಕ್ಕೆ ತಿರುಗಿಬೀಳುವ ಸ್ವಭಾವ ಯಾರಲ್ಲಿ ಎಷ್ಟಿದೆ ಎಂದು ಅಳೆಯುವುದು ಅವಳ ಸಂಶೋಧನೆ. ರಜೆಗೆ ಬಂದವಳು ಅಪ್ಪನನ್ನೇ ಮೊದಲು ಹಿಡಿದು, ಪ್ರಶ್ನೆಪಟ್ಟಿಯ ಮಾತುಗಳನ್ನು ಒಂದೊಂದಾಗಿ ಓದಿದಳು.

“ಯಾರಾದ್ರೂ ಬುದ್ಧಿ ಹೇಳಿದ್ರೆ ನಂಗೆ ಸಿಟ್ಟು ಬರ್ತೈತೆ. ಈ ಮಾತು ಒಪ್ತೀಯೇನಪ್ಪ?”

“ಒಪ್ಪಲ್ಲ.”

“ಬ್ಯಾಡ ಅಂದಿದ್ದನ್ನೇ ಮಾಡಾಕೆ ಮನಸಾಗ್ತೈತೆ.”

“ಯಾವನು ಹೇಳಿದ್ದು? ಒಪ್ಪಲ್ಲ.”

ಕೊನೆಯವರೆಗೂ ಅವನು ಒಂದನ್ನೂ ಒಪ್ಪಲಿಲ್ಲ. ಸಂಘಮಿತ್ರಾ ಅಂಕ ಕೂಡಿಸಿ ನೋಡಿದಳು: ಹಟಕ್ಕೆ ಸೊನ್ನೆ. ಅದರ ಪ್ರಕಾರ ಪಾಪಣ್ಣನಷ್ಟು ಹೇಳಿದ ಮಾತು ಕೇಳುವ ಮನುಷ್ಯ ಚನ್ನಗಿರಿ ತಾಲ್ಲೂಕಿನಲ್ಲೇ ಇನ್ನೊಬ್ಬನಿರಲಿಲ್ಲ.

“ಹಂಗಾರೆ ನಿಮ್ಮಪ್ಪ ಗುರುವಾರ ಕಣ್ಣಿನ ಆಪರೇಷನ್ನಿಗೆ ಬರ್ತಾರಂತೇನು, ಕೇಳು,” ಎಂದಳು ಅಂಜಮ್ಮ, ರೊಟ್ಟಿ ತಟ್ಟುತ್ತಲೇ.

ನಗುವ ಮನಸ್ಸು ಅವಳಿಗಿರಲಿಲ್ಲ. ಪಾಪಣ್ಣನ ಎರಡೂ ಕಣ್ಣಿಗೆ ಪೊರೆ ಬಂದು ಬಲಿತಿತ್ತು. ಇನ್ನು ತಡ ಮಾಡಿದರೆ ಕಷ್ಟ ಎಂದು ದಾವಣಗೆರೆಯ ಡಾಕ್ಟರು ಗುರುವಾರವೇ ಗೊತ್ತುಮಾಡಿದ್ದರು. ಅಂಜಮ್ಮ ತನ್ನ ಹಳೆಯ ಉಪಾಯ ಹೂಡಿ, “ಬ್ಯಾಡ ಬಿಡ್ರಿ, ಈ ವಯಸ್ಸಿಗೆ ಕಣ್ಣು ತಗೊಂಡು ಏನ್ಮಾಡ್ತೀರಿ?” ಎಂದಿದ್ದಳು. ಮದುವೆಯಾದ ಮೇಲೆ ಮೊದಲ ಸಲ ಪಾಪಣ್ಣ, “ಆಯ್ತು, ನೀ ಹೇಳ್ದಂಗೆ,” ಎಂದುಬಿಟ್ಟಿದ್ದ. ಸೂಜಿ, ಕತ್ತರಿ ಎಂದರೆ ಅವನಿಗೆ ಅಷ್ಟು ಹೆದರಿಕೆ. ಅಂದಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. ಬೇಕು ಎಂದರೂ ಕೇಳದ, ಬೇಡ ಎಂದರೆ ಕೇಳಿಬಿಡುವ ಗಂಡನಿಗೆ ಇನ್ನೇನು ಹೇಳುವುದು?

ಬುಧವಾರ ಸಂಜೆ ಅವಳು ಅವನ ಎದುರಿಗೇ ಬಂದು ಕೂತಳು.

“ಇಲ್ನೋಡ್ರಿ. ನಾನು ಅಳ್ತಿದೀನೋ, ನಗ್ತಿದೀನೋ?”

ಪಾಪಣ್ಣ ಕತ್ತು ಮುಂದೆ ಚಾಚಿ ದಿಟ್ಟಿಸಿದ. “ನಗ್ತಿದೀಯ. ಅದನ್ನೇನು ಕೇಳ್ತೀಯ?”

ಅಂಜಮ್ಮ ಮೂಗು ಸೇದಿದಳು. ಅವನಿಗೆ ಅನುಮಾನ ಬಂತು. ತಡವಿ ಅವಳ ಕೆನ್ನೆ ಮುಟ್ಟಿದ, ಬೆರಳು ಒದ್ದೆಯಾಯಿತು. ಅದನ್ನು ಪಂಚೆಗೆ ಒರೆಸಿಕೊಂಡು, ಬಾಗಿಲ ಕಡೆ ಮುಖ ಮಾಡಿದ.

“ಬೆಳಿಗ್ಗೆ ಮೊದಲ್ನೇ ಬಸ್ಸಿಗೇ ಹೋಗ್ತೀನಿ,” ಎಂದ. “ನೀನೇನು ನನ್ನ ಜೊತೆ ಬರಬ್ಯಾಡ.”

ಅಂಜಮ್ಮ ಎದ್ದು ಹೋಗಿ, ಅವನ ಪಂಚೆಯ ಜೊತೆಗೆ ತನ್ನದೂ ಒಂದು ಸೀರೆಯನ್ನು ಚೀಲಕ್ಕೆ ಹಾಕಿದಳು.