ಸಾತವ್ವನ ಬೇವಿನ ಹಣಿಗೆ

ನನ್ನ ಅತ್ತೆ ಸಾತವ್ವನಿಗೆ ಸೊಸೆಯನ್ನು ಆರಿಸಲು ಜಾತಕ ಬೇಡ, ಜ್ಯೋತಿಷಿ ಬೇಡ, ಒಂದು ಹಣಿಗೆ ಸಾಕು. ಅವಳ ತವರೂರಿನ ಬಡಿಗೇರ ಮುದುಕ ಬೇವಿನ ಕಟ್ಟಿಗೆಯಲ್ಲಿ ಕೈಯಾರೆ ಕೊರೆದು ಕೊಟ್ಟದ್ದು. ಗೇಣುದ್ದದ್ದು, ಒತ್ತೊತ್ತಾದ ಸಣ್ಣ ಹಲ್ಲು. ನೀಳವಾದ ನೆಟ್ಟನೆ ಕೂದಲಿಗೆಂದೇ ಮಾಡಿದ್ದು. ಕೆಲಸ ಚೆಂದವಿದೆ, ಸುಳ್ಳೇಕೆ ಹೇಳಲಿ. ಅದನ್ನು ಹಿಡಿದವಳ ಬುದ್ಧಿ ಮಾತ್ರ ಮೊಂಡು.

"ಕೂದಲ ನೆಟ್ಟಗಿದ್ರ ಬುದ್ಧಿನೂ ನೆಟ್ಟಗ ಇರತೈತಿ," ಎನ್ನುವುದು ಅವಳ ಶಾಸ್ತ್ರ. ಕನ್ಯೆ ನೋಡಲು ಹೋದಲ್ಲೆಲ್ಲ ಹುಡುಗಿಯ ಜಡೆ ಬಿಚ್ಚಿಸಿ, ನೆತ್ತಿಯಿಂದ ತುದಿಯವರೆಗೆ ಹಣಿಗೆ ಎಳೆಯುತ್ತಾಳೆ. ಎಲ್ಲೂ ತಡೆಯದಿದ್ದರೆ ಹುಡುಗಿ ಪಾಸು. ಹತ್ತು ವರ್ಷದ ಹಿಂದೆ ನನ್ನ ಕೂದಲಲ್ಲಿ ಅದು ಸರಾಗವಾಗಿ ಇಳಿಯಿತು, ನಾನು ಹಿರಿಯ ಮಗ ಸೋಮನಿಂಗನ ಹೆಂಡತಿಯಾದೆ. ಏನು ಓದಿದ್ದೀಯ, ಏನು ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಎಮ್ಮೆ ಕೊಳ್ಳುವವರಾದರೂ ಹಾಲೆಷ್ಟು ಎಂದು ಕೇಳುತ್ತಾರೆ.

ಈಗ ಕಾಲ ಬದಲಾಗಿದೆ. ನಮ್ಮ ಸಿಂದಗಿ ಕಡೆ ಹೊಲ ಮಾಡುವ ಹುಡುಗ ಎಂದರೆ ಹೆಣ್ಣಿನ ಅಪ್ಪಂದಿರು ಫೋನೇ ಎತ್ತುವುದಿಲ್ಲ. ಮೈದುನ ಸಂಗುವಿಗೆ ಮೂವತ್ತನಾಲ್ಕಾಯಿತು. ಆದರೂ ಹಣಿಗೆ ತಡೆಯಿತೆಂದು ಅತ್ತೆ ಇಂಡಿ ಊರಿನ ಹುಡುಗಿಯನ್ನು ಬೇಡವೆಂದಳು, ಬಾಗೇವಾಡಿಯವಳನ್ನೂ ಬೇಡವೆಂದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಕೊನೆಗೆ ಸಂಗು ತಾನೇ ಒಬ್ಬಳನ್ನು ಕಂಡುಕೊಂಡ. ಮುದ್ದೇಬಿಹಾಳದ ಸುರೇಖಾ, ಆಸ್ಪತ್ರೆಯಲ್ಲಿ ನರ್ಸ್. ನೆಂಟರ ಮದುವೆಯಲ್ಲಿ ಭೇಟಿಯಾದ ಮೇಲೆ ಇಬ್ಬರೂ ದಿನಾ ಫೋನಿನಲ್ಲಿ ಮಾತಾಡುತ್ತಿದ್ದರು. ಅವಳದು ಗುಂಗುರು ಕೂದಲು. ಹಣಿಗೆಯ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಅದು ಹೊರಗೆ ಬರದಿದ್ದರೆ ಮಾತ್ರ ನೋಡಲು ಬನ್ನಿ ಎಂದಿದ್ದಳು.

"ಹಣಗಿ ಹೊರಗ ಬಂದ್ರ ನಾನ ಎದ್ದ ನಿಂತು ಬ್ಯಾಡ ಅಂತೇನಿ ವೈನಿ. ಆಕಿಗೂ ಮಾತ ಕೊಟ್ಟೇನಿ," ಎಂದು ಸಂಗು ನನ್ನೆದುರು ಎದೆ ತಟ್ಟಿಕೊಂಡ. ನನಗೆ ನಿಜಕ್ಕೂ ಸಂತೋಷವಾಯಿತು. ನಾನೂ ಪೆದ್ದಿಯೇ.

ಸುರೇಖಾಳ ಮನೆಯಲ್ಲಿ ಅವಲಕ್ಕಿ, ಚಹಾ ಆದವು. ಅತ್ತೆ ಕೈಚೀಲದಿಂದ ಹಣಿಗೆ ತೆಗೆದಳು.

"ಜಡಿ ಬಿಚ್ಚವಾ ತಂಗಿ."

ಸುರೇಖಾ ಸಂಗುವಿನತ್ತ ನೋಡಿದಳು. ನಾನೂ ನೋಡಿದೆ. ಮಹಾಶಯ ಅವಲಕ್ಕಿಯೊಳಗಿನ ಶೇಂಗಾ ಆರಿಸಿ ತಿನ್ನುತ್ತಿದ್ದ. ಮೊಣಕೈಯಿಂದ ತಿವಿದೆ. ಸ್ವಲ್ಪ ಆಚೆ ಸರಿದು ಕುಳಿತ.

ಹುಡುಗಿ ಅವನಿಗೆ ಇನ್ನಷ್ಟು ಹೊತ್ತು ಕೊಡುವವಳಂತೆ ನಿಧಾನವಾಗಿ ಜಡೆ ಬಿಚ್ಚಿದಳು. ಅವನ ಬಾಯಿ ಶೇಂಗಾಕ್ಕಷ್ಟೇ ತೆರೆಯಿತು. ಹಣಿಗೆ ನೆತ್ತಿಯಿಂದ ಇಳಿದು ಕಿವಿಯ ಹತ್ತಿರ ಸಿಕ್ಕಿಕೊಂಡಿತು. ಅತ್ತೆ ಜಗ್ಗಿದಳು. ಸುರೇಖಾಳ ಕಣ್ಣಲ್ಲಿ ನೀರು ಬಂತು. ಅತ್ತೆ ಮತ್ತೆ ಜಗ್ಗಿದಳು. ಟಕ್ಕೆಂದು ಹಲ್ಲೊಂದು ಮುರಿಯಿತು.

"ನನ್ನ ಹಣಗಿ ಹೋತಲ್ಲೋ ಸಂಗೂ," ಎಂದು ಅತ್ತೆ ಗೋಳಾಡಿದಳು.

ಆಗ ಸಂಗು ಎದ್ದ. ಅಂತೂ ಗಂಡಸಾದ ಎಂದುಕೊಂಡೆ. ಎದ್ದವನು ಮೊಣಕಾಲೂರಿ, ಜಮಖಾನೆ ಎತ್ತಿ ಹಲ್ಲು ಹುಡುಕತೊಡಗಿದ.

"ಅಳಬ್ಯಾಡ ಯವ್ವಾ. ಅಂಟ ಹಚ್ಚಿ ಕೂಡಸಿ ಕೊಡ್ತೇನಿ."

ಥೂ, ಇವನ ಜನ್ಮಕ್ಕಿಷ್ಟು. ಅವಳ ಮನೆಯವರೆಲ್ಲ ನೋಡುತ್ತಿದ್ದರು. ನನಗೆ ನೆಲ ಬಿರಿದು ಒಳಗೆ ಹೋಗುವಂತಾಯಿತು.

ಸುರೇಖಾ ಕಣ್ಣೊರೆಸಿಕೊಂಡಳು. ಕೂದಲಲ್ಲಿ ಬೆರಳಾಡಿಸಿ, ಅಲ್ಲೇ ಸಿಕ್ಕಿದ್ದ ಹಲ್ಲನ್ನು ಬಿಡಿಸಿಕೊಂಡು ಅವನ ಅಂಗೈಯಲ್ಲಿ ಇಟ್ಟಳು.

"ಇದನ್ನ ಹುಡಕಾಕತ್ತೀರಿ ಹೌದಲ್ರಿ? ತಗೊಂಡ ಹೋಗ್ರಿ. ಇನ್ನ ಫೋನ್ ಮಾಡಬ್ಯಾಡ್ರಿ."

ಸಿಂದಗಿಯ ಬಸ್ಸು ತಾಳಿಕೋಟೆ ದಾಟಿತು. ಆಮೇಲೆ ಅತ್ತೆ, "ಛಲೋ ಆತು ಬಿಡು. ಮಾತ ನೋಡು ಆಕೀದು, ಎಷ್ಟ ಸೊಕ್ಕ," ಎಂದಳು.

"ಹೌದಬೇ ಯವ್ವಾ," ಎಂದ ಸಂಗು.

ಸುರೇಖಾ ಪಾರಾದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತೆ.